ಗುಜರಿಗೆ ಹೋಗುವ ಮುನ್ನ ಹರಿಹರದ ಲೇತ್‌ನ ಚರಿತ್ರೆ ಬರೆದಿಡುವುದು ಹೇಗೆ

ಐಟಿಐಗಳ ವರ್ಕ್‌ಶಾಪ್‌ಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ, ಕೈಗಾರಿಕಾ ವಸಾಹತುಗಳ ಹಳೆಯ ಶೆಡ್‌ಗಳಲ್ಲಿ ಹರಿಹರದ ಲೇತ್‌ಗಳು, ಅಂದರೆ ಅಲ್ಲಿಯ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮಾಡಿದ, ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಯಂತ್ರಗಳು, ಒಂದೊಂದಾಗಿ ಕಂಡಮ್ (ಬಳಕೆಗೆ ಬಾರದು ಎಂದು ರದ್ದು) ಆಗುತ್ತಿವೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಜಾಗ ಬೇಕು, ಹಳೆಯದನ್ನು ಹರಾಜಿಗೆ ಹಾಕಿ ಎಂದು ಪತ್ರ ಬರುತ್ತದೆ. ಹರಾಜಿಗೆ ಬಂದವರು ಕಣ್ಣಳತೆಯಲ್ಲಿಯೇ ಕಬ್ಬಿಣದ ತೂಕ ಅಂದಾಜು ಮಾಡುತ್ತಾರೆ. ಸರಪಳಿ ಬಿಗಿದು ಲಾರಿಗೆ ಏರಿಸಿದರೆ ಮುಗಿಯಿತು. ಆ ಯಂತ್ರ ಯಾವ ಕಾಲದ್ದು, ಯಾರು ಮಾಡಿದ್ದು, ಅದರ ಮೇಲೆ ಯಾವ ಯಾವ ಕೆಲಸ ನಡೆಯಿತು ಎಂದು ಒಂದು ಸಾಲೂ ಬರೆದಿಟ್ಟುಕೊಳ್ಳದೆ ಕಳಿಸಿಬಿಡುತ್ತೇವೆ. ನನಗೆ ಇದನ್ನು ಸಹಿಸಲು ಆಗುವುದಿಲ್ಲ.

ನಾನು ಟರ್ನರ್ ವೃತ್ತಿ ಕಲಿಸುವವನು. ಕಲಿತದ್ದೂ ಹರಿಹರದ ಲೇತ್ ಮೇಲೆಯೇ. ಚರಿತ್ರೆ ಬರೆಯುವುದು ಪ್ರೊಫೆಸರರ ಕೆಲಸ ಎಂದು ನಾವು ಸುಮ್ಮನಿದ್ದರೆ ಆಗುವುದಿಲ್ಲ. ಲೀಡ್ ಸ್ಕ್ರೂ (ಕತ್ತರಿಸುವ ಉಪಕರಣವನ್ನು ಸಾಗಿಸುವ ಉದ್ದನೆಯ ತಿರುಪು) ನೋಡಿ ಕಾಲ ಹೇಳುವುದು, ಸ್ಯಾಡಲ್‌ನ (ಆ ಉಪಕರಣ ಕೂತು ಜಾರುವ ಭಾಗದ) ಅಡಿ ನೋಡಿ ಅದನ್ನು ಮಾಡಿದವರ ಕೈ ಗುರುತಿಸುವುದು ನಮಗೆ ತಿಳಿದ ವಿದ್ಯೆ. ಕಾರ್ಖಾನೆ ಮುಚ್ಚಿ ಹೋಗಬಹುದು, ಅದರ ಕಡತಗಳು ಚೆದುರಿ ಹೋಗಬಹುದು. ಅದು ಮಾಡಿಕೊಟ್ಟ ಯಂತ್ರ ಮಾತ್ರ ನಿಮ್ಮ ಊರಿನ ಶೆಡ್ಡಿನಲ್ಲಿ ನಿಂತೇ ಇರುತ್ತದೆ. ಯಂತ್ರಗಳನ್ನು ಮಾಡುವ ಯಂತ್ರವನ್ನೇ ತಯಾರಿಸಿದ ಕಂಪನಿಯ ಮಟ್ಟಿಗೆ ಅದಕ್ಕಿಂತ ಗಟ್ಟಿಯಾದ ದಾಖಲೆ ಬೇರೆ ಇಲ್ಲ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಟಾರ್ಚ್, ಸೀಮೆಎಣ್ಣೆ ಅಥವಾ ಡೀಸೆಲ್, ಕಾಟನ್ ವೇಸ್ಟ್, ಬಿಳಿ ಸೀಮೆಸುಣ್ಣ, ಮೆತ್ತನೆಯ ಪೆನ್ಸಿಲ್, ತೆಳುವಾದ ಕಾಗದ, ಇಂಚು ಮತ್ತು ಮಿಲಿಮೀಟರ್ ಎರಡೂ ಇರುವ ಉಕ್ಕಿನ ಸ್ಕೇಲ್, ಮೊಬೈಲ್, ದಪ್ಪ ನೋಟ್‌ಬುಕ್. ಯಂತ್ರ ಇನ್ನೂ ವಿದ್ಯುತ್ ಸಂಪರ್ಕದಲ್ಲಿದ್ದರೆ ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕಳಚಿ ಜೇಬಿನಲ್ಲಿ ಇಟ್ಟುಕೊಂಡು ಕೆಲಸ ಆರಂಭಿಸಿ.

ಮೊದಲು ಕಂಪನಿಯ ಕಥೆ

ಯಂತ್ರದ ಬಳಿ ಹೋಗುವ ಮುನ್ನ ಕಂಪನಿಯ ಸ್ಥೂಲ ಚರಿತ್ರೆ ತಲೆಯಲ್ಲಿರಬೇಕು. ಇಲ್ಲದಿದ್ದರೆ ಕಣ್ಣ ಮುಂದೆ ಇರುವ ಗುರುತೂ ಕಾಣುವುದಿಲ್ಲ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದವರು ಆ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣನೊಡನೆ ಸೈಕಲ್ ಅಂಗಡಿ ನಡೆಸಿದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಪುರಸಭೆಯವರು ಜಾಗ ತೆರವು ಮಾಡಿಸಿದಾಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಬಂಜರು ಭೂಮಿ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದ ಕಾರ್ಖಾನೆ ಮತ್ತು ಊರೇ ಕಿರ್ಲೋಸ್ಕರವಾಡಿ. ನೇಗಿಲಿನ ನಂತರ ಪಂಪು, ಎಂಜಿನ್. ನೀವು ಗಮನಿಸಬೇಕಾದ್ದು ಇಲ್ಲಿದೆ: ಈ ಮನೆತನ ಎರಕದ ಕೆಲಸದಿಂದ ಬಂದದ್ದು. ಲೇತ್ ಮಾಡಲು ಹೊರಡುವ ಹೊತ್ತಿಗೆ ಅವರಿಗೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವುದರಲ್ಲಿ ಮೂರು ದಶಕಗಳ ಅನುಭವ ಇತ್ತು. ಲೇತ್‌ನ ಜೀವ ಇರುವುದು ಅದರ ಬೆಡ್‌ನಲ್ಲಿ, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಉದ್ದನೆಯ ಪೀಠದಲ್ಲಿ; ಬೆಡ್ ಎಂದರೆ ಎರಕ.

ಎರಡನೆಯ ಮಹಾಯುದ್ಧ ಬಂದಾಗ ಇಂಗ್ಲೆಂಡಿನಿಂದ ಯಂತ್ರಗಳು ಬರುವುದು ಕಷ್ಟವಾಯಿತು. ಅಲ್ಲಿಯ ಕಾರ್ಖಾನೆಗಳಿಗೇ ಲೇತ್‌ಗಳು ಸಾಲದಾಗಿದ್ದವು. ಇಲ್ಲಿ ಮದ್ದುಗುಂಡಿನ ಕಾರ್ಖಾನೆಗಳಿಗೆ, ರೈಲ್ವೆ ವರ್ಕ್‌ಶಾಪ್‌ಗಳಿಗೆ ಯಂತ್ರ ಬೇಕಿತ್ತು. ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮರುವರ್ಷ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲಿಮಿಟೆಡ್ ಸ್ಥಾಪನೆಯಾಯಿತು. ಸಂಸ್ಥಾನದ ಹೆಸರು ಮೊದಲು, ಮನೆತನದ ಹೆಸರು ಆಮೇಲೆ.

ಹರಿಹರವೇ ಏಕೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನಾನು ಅವರಿಗೆ ಹಳೆಯ ನಕ್ಷೆ ತೋರಿಸುತ್ತೇನೆ. ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬೈ ಪ್ರಾಂತದ ರಾಣೆಬೆನ್ನೂರು ತಾಲ್ಲೂಕು. ಸೇತುವೆ ದಾಟಿದರೆ ಬ್ರಿಟಿಷ್ ಆಡಳಿತ. ಪುಣೆಯಿಂದ ಮೀರಜ್, ಬೆಳಗಾವಿ, ಹುಬ್ಬಳ್ಳಿ ಮೂಲಕ ಬೆಂಗಳೂರಿಗೆ ಬರುತ್ತಿದ್ದ ಮೀಟರ್‌ಗೇಜ್ ಹಳಿ ಹರಿಹರದ ಮೇಲೆಯೇ ಹಾದುಹೋಗುತ್ತಿತ್ತು. ಕಿರ್ಲೋಸ್ಕರವಾಡಿ ಇದ್ದದ್ದೂ ಅದೇ ದಾರಿಯಲ್ಲಿ. ಅಲ್ಲಿ ವ್ಯಾಗನ್ನಿಗೆ ಹೇರಿದ್ದನ್ನು ಇಲ್ಲಿ ಇಳಿಸಬಹುದಿತ್ತು. ನೀರು ಹೊಳೆಯಲ್ಲಿತ್ತು, ಸಂಸ್ಥಾನದ್ದೇ ಕಬ್ಬಿಣದ ಕಾರ್ಖಾನೆ ಭದ್ರಾವತಿಯಲ್ಲಿತ್ತು. ಇಷ್ಟೆಲ್ಲ ಒಂದೇ ಕಡೆ ಕೂಡಿಬರುವ ಊರು ಸಂಸ್ಥಾನದಲ್ಲಿ ಇನ್ನೊಂದು ಇತ್ತೇ ಎಂಬುದು ನನಗೆ ಸಂಶಯ.

ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ಬೇರೆಯದೇ ಜಾತಕದ್ದು. ಅದು 1953ರಲ್ಲಿ ಭಾರತ ಸರ್ಕಾರ ಕಟ್ಟಿದ ಕಂಪನಿ, ಜೊತೆಗಿದ್ದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್. ಅದರ ಮೊದಲ ಲೇತ್ ಎಚ್‌22 ಸ್ವಿಸ್ ನಕ್ಷೆಯಿಂದ ಬಂದ ಭಾರೀ ಯಂತ್ರ. ಹರಿಹರದ್ದು ನೇಗಿಲಿನ ಅಂಗಳದಿಂದ ಬೆಳೆದ ಯಂತ್ರ. ಎರಡೂ ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತಿದ್ದರೆ ಎರಡನ್ನೂ ಒಟ್ಟಿಗೆ ದಾಖಲಿಸಿ. ಒಂದರ ಗುಣ ಇನ್ನೊಂದರ ಪಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಹರಿಹರದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಮಾದರಿಗಳು ದೇಶದುದ್ದಕ್ಕೂ ಸಣ್ಣ ವರ್ಕ್‌ಶಾಪ್‌ಗಳನ್ನು ತುಂಬಿದವು. 2000ದ ದಶಕದ ಆರಂಭದಲ್ಲಿ ಹರಿಹರದ ಕಾರ್ಖಾನೆ ಮುಚ್ಚಿತು.

ಫಲಕ ಮತ್ತು ನಂಬರು

ಈಗ ಯಂತ್ರದ ಬಳಿ ಬನ್ನಿ. ಹೆಡ್‌ಸ್ಟಾಕ್ (ಕೆಲಸದ ತುಂಡನ್ನು ತಿರುಗಿಸುವ ತುದಿಯ ಪೆಟ್ಟಿಗೆ) ಮೇಲಿನ ಲೋಹದ ಫಲಕವನ್ನು ಎಮರಿ ಕಾಗದದಿಂದ ಉಜ್ಜಬೇಡಿ, ದಯವಿಟ್ಟು. ಉತ್ಸಾಹಿ ಹುಡುಗರು ಹೊಳೆಯಲಿ ಎಂದು ಉಜ್ಜಿ ಅಕ್ಷರವನ್ನೇ ಅಳಿಸಿಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಅದ್ದಿದ ವೇಸ್ಟನ್ನು ಫಲಕದ ಮೇಲೆ ಸ್ವಲ್ಪ ಹೊತ್ತು ಬಿಡಿ, ಜಿಡ್ಡು ತಾನೇ ಕರಗುತ್ತದೆ. ಒರೆಸಿ ಒಣಗಿಸಿ, ಸೀಮೆಸುಣ್ಣವನ್ನು ಮೇಲೆಲ್ಲ ಸವರಿ, ಅಂಗೈಯಿಂದ ಹಗುರಾಗಿ ಒರೆಸಿದರೆ ಗುಳಿಬಿದ್ದ ಅಕ್ಷರಗಳಲ್ಲಿ ಬಿಳಿ ಉಳಿಯುತ್ತದೆ. ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ, ಫಲಕಕ್ಕೆ ಒರಗಿಸಿ ಹಿಡಿದು ಚಿತ್ರ ತೆಗೆಯಿರಿ.

ಫಲಕವನ್ನು ಕೂರಿಸಿರುವ ಮೊಳೆಗಳನ್ನೂ ನೋಡಿ. ಕಾರ್ಖಾನೆಯಲ್ಲಿ ಬಡಿದ ರಿವೆಟ್ ಹಾಗೇ ಇದ್ದರೆ ಒಳ್ಳೆಯದು. ಸಾಧಾರಣ ಸ್ಕ್ರೂ ಹಾಕಿದ್ದರೆ ಫಲಕ ಬೇರೆ ಯಂತ್ರದಿಂದ ಬಂದಿರಬಹುದು. ಎರಡು ಮುರುಕಲು ಲೇತ್ ಸೇರಿಸಿ ಒಂದು ಮಾಡುವುದು ರೀಕಂಡೀಶನಿಂಗ್ ಶೆಡ್‌ಗಳಲ್ಲಿ ಸಾಮಾನ್ಯ. ಆದ್ದರಿಂದ ಫಲಕದ ನಂಬರನ್ನು ಬೆಡ್ಡಿನ ನಂಬರಿನೊಡನೆ ತಾಳೆ ನೋಡಲೇಬೇಕು. ಹಳೆಯ ಲೇತ್‌ಗಳಲ್ಲಿ ಬೆಡ್ಡಿನ ನಂಬರನ್ನು ಹೆಚ್ಚಾಗಿ ಟೇಲ್‌ಸ್ಟಾಕ್ (ಎದುರು ತುದಿಯಲ್ಲಿ ತುಂಡಿಗೆ ಆಸರೆ ಕೊಡುವ ಭಾಗ) ಕಡೆಯ ತುದಿಯಲ್ಲಿ ಪಂಚ್ ಮಾಡಿರುತ್ತಾರೆ. ಬಣ್ಣದ ಪದರಗಳ ಕೆಳಗೆ ಅಂಕಿ ಮುಚ್ಚಿದ್ದರೆ ಕಾಗದವನ್ನು ಮೇಲಿಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿ. ಕಣ್ಣಿಗೆ ಕಾಣದ ಅಂಕಿ ಕಾಗದದ ಮೇಲೆ ಮೂಡುವುದನ್ನು ನೋಡಿದಾಗ ನನ್ನ ವಿದ್ಯಾರ್ಥಿಗಳು ಯಂತ್ರದ ಸುತ್ತ ಮುಗಿಬೀಳುತ್ತಾರೆ. ಆ ಕಾಗದವನ್ನೇ ದಿನಾಂಕ ಬರೆದು ನೋಟ್‌ಬುಕ್ಕಿಗೆ ಅಂಟಿಸಿ.

ಫಲಕದಲ್ಲಿ ವರ್ಷ ಇಲ್ಲದಿದ್ದರೆ ವಿಳಾಸ ಕಾಲ ಹೇಳುತ್ತದೆ. ರಾಜ್ಯದ ಹೆಸರು ಬರೀ ಮೈಸೂರು ಎಂದಿದ್ದರೆ ಅದು 1973ರ ನವೆಂಬರ್ 1ಕ್ಕೆ ಮೊದಲಿನದು. ಅಂದು ರಾಜ್ಯ ಕರ್ನಾಟಕವಾಯಿತು. ಕಂಪನಿಯ ಹೆಸರಿನಲ್ಲಿರುವ ‘ಮೈಸೂರು’ ಕೊನೆಯವರೆಗೂ ಬದಲಾಗಲಿಲ್ಲ, ಆದ್ದರಿಂದ ವಿಳಾಸದ ಸಾಲನ್ನು ಮಾತ್ರ ನೋಡಿ. ಪಿನ್ ಕೋಡ್ 577601 ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಕೈಪಿಡಿ ಅಥವಾ ಬಿಲ್ಲಿನಲ್ಲಿ ಜಿಲ್ಲೆ ಚಿತ್ರದುರ್ಗ ಎಂದಿದ್ದರೆ 1997ಕ್ಕೆ ಹಿಂದಿನದು, ಆಮೇಲೆ ಹರಿಹರ ದಾವಣಗೆರೆ ಜಿಲ್ಲೆಗೆ ಸೇರಿತು. ಹಳೆಯ ಫಲಕದ ದಾಸ್ತಾನನ್ನು ಕಾರ್ಖಾನೆ ಕೆಲ ಕಾಲ ಬಳಸಿರಬಹುದಾದ್ದರಿಂದ ಒಂದೆರಡು ವರ್ಷದ ಅಂತರ ಬಿಟ್ಟೇ ಬರೆಯಿರಿ. ಮೋಟಾರಿನ ಫಲಕವನ್ನೂ ಬರೆದುಕೊಳ್ಳಿ, ಆದರೆ ಅದರ ಮೇಲೆ ಕಾಲ ನಿರ್ಧರಿಸಬೇಡಿ. ಮೋಟಾರು ಸುಡುತ್ತದೆ, ಬದಲಾಗುತ್ತದೆ.

ಲೀಡ್ ಸ್ಕ್ರೂ ಅಳೆಯಿರಿ

ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು. ಲೀಡ್ ಸ್ಕ್ರೂ ಮೇಲಿನ ಜಿಡ್ಡು ಒರೆಸಿ, ಸವೆಯದ ಜಾಗದಲ್ಲಿ, ಅಂದರೆ ಟೇಲ್‌ಸ್ಟಾಕ್ ಕಡೆಗೆ, ಸ್ಕೇಲ್ ಇಡಿ. ಒಂದು ಎಳೆಯ (ತಿರುಪಿನ ಸುತ್ತಿನ) ಅಂಚಿನಿಂದ ಹತ್ತು ಎಳೆ ಎಣಿಸಿ ಅಳತೆ ನೋಡಿ. 63.5 ಮಿಲಿಮೀಟರ್ ಬಂದರೆ ಅದು ಇಂಚಿಗೆ ನಾಲ್ಕು ಎಳೆಯ ಸ್ಕ್ರೂ. 60 ಮಿಲಿಮೀಟರ್ ಬಂದರೆ ಆರು ಮಿಲಿಮೀಟರ್ ಪಿಚ್ಚಿನ (ಎಳೆಯಿಂದ ಎಳೆಗಿರುವ ದೂರದ) ಮೆಟ್ರಿಕ್ ಸ್ಕ್ರೂ. ಒಂದೇ ಎಳೆ ಅಳೆದರೆ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಹತ್ತು ಎಳೆಗೆ ಅದು ಮೂರೂವರೆ ಮಿಲಿಮೀಟರ್ ಆಗಿ ಎದ್ದು ಕಾಣುತ್ತದೆ.

ಇಂಚಿನ ಸ್ಕ್ರೂ ಬ್ರಿಟಿಷ್ ವರ್ಕ್‌ಶಾಪ್‌ಗಳಿಂದ ಬಂದ ಸಂಪ್ರದಾಯ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ 55 ಡಿಗ್ರಿಯ ಎಳೆ ನಮ್ಮ ರೈಲ್ವೆಗಳಲ್ಲಿ, ಪಂಪುಗಳಲ್ಲಿ, ಗಿರಣಿಗಳಲ್ಲಿ ನೂರು ವರ್ಷ ಆಳಿತು. ಭಾರತ ಮೆಟ್ರಿಕ್ ಕಾಯ್ದೆ ಮಾಡಿದ್ದು 1956ರಲ್ಲಿ, ಜಾರಿಗೆ ಬಂದದ್ದು 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ. ಇಂಚಿನ ಲೇತ್ ಕಂಡ ಕೂಡಲೇ 1958ಕ್ಕೆ ಹಿಂದಿನದು ಎಂದು ಬರೆಯಬೇಡಿ. ರಿಪೇರಿ ಅಂಗಡಿಗಳಿಗೆ ಇಂಚಿನ ಕೆಲಸ ಆಮೇಲೂ ಬೇಕಾದಷ್ಟಿತ್ತು, ಇಂಚಿನ ಸ್ಕ್ರೂ ಇಟ್ಟುಕೊಂಡೇ ಮೆಟ್ರಿಕ್ ಎಳೆ ಕತ್ತರಿಸುವ ಏರ್ಪಾಡೂ ಇತ್ತು.

ಆ ಏರ್ಪಾಡು ಹುಡುಕಿ. ಹೆಡ್‌ಸ್ಟಾಕ್‌ನ ಪಕ್ಕದ ಬಾಗಿಲು ತೆರೆದು ಚೇಂಜ್ ಗೇರ್‌ಗಳ (ಎಳೆಯ ಅಳತೆ ಬದಲಿಸಲು ಹಾಕಿ ತೆಗೆಯುವ ಗೇರ್‌ಗಳ) ಹಲ್ಲು ಎಣಿಸಿ. ಯಂತ್ರದ ಪಾದದಲ್ಲಿ, ಹಳೆಯ ಡ್ರಾಯರಿನಲ್ಲಿ, ಗೋಡೆಯ ಮೊಳೆಯಲ್ಲಿ ನೇತುಹಾಕಿರುವ ಬಿಡಿ ಗೇರ್‌ಗಳನ್ನೂ ಎಣಿಸಿ. 127 ಹಲ್ಲಿನ ಗೇರ್ ಸಿಕ್ಕರೆ ನಿಮಗೆ ಎರಡು ಅಳತೆಗಳ ನಡುವಿನ ಸೇತುವೆ ಸಿಕ್ಕಿತು. ಒಂದು ಇಂಚು 25.4 ಮಿಲಿಮೀಟರ್, ಐದರಿಂದ ಗುಣಿಸಿದರೆ 127. ಅದು ಅವಿಭಾಜ್ಯ ಸಂಖ್ಯೆಯಾದ್ದರಿಂದ ಸಣ್ಣ ಗೇರ್‌ಗಳನ್ನು ಜೋಡಿಸಿ ಅದನ್ನು ಕರಾರುವಾಕ್ಕಾಗಿ ಪಡೆಯಲು ಬರುವುದಿಲ್ಲ, ಅಷ್ಟು ದೊಡ್ಡ ಗೇರನ್ನೇ ಕತ್ತರಿಸಬೇಕು. ಅದರ ಹಲ್ಲುಗಳು ಹೊಳೆಯುವಷ್ಟು ಸವೆದಿದ್ದರೆ ಆ ಶೆಡ್ಡಿಗೆ ಮೆಟ್ರಿಕ್ ಕೆಲಸ ಹೆಚ್ಚು ಬರುತ್ತಿತ್ತು. ಕಾರ್ಖಾನೆಯ ಗ್ರೀಸ್ ಹಾಗೇ ಒಣಗಿ ಕೂತಿದ್ದರೆ ಆ ಗೇರ್ ಹೊರಗೇ ಬಂದಿಲ್ಲ. ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆಯಿರಿ. ಗೇರ್‌ಬಾಕ್ಸ್ ಮೇಲಿನ ಎಳೆಗಳ ಪಟ್ಟಿಯನ್ನು ಪೂರ್ತಿ ಚಿತ್ರ ತೆಗೆಯಿರಿ, ಒಂದು ಅಂಕಿಯನ್ನೂ ಬಿಡಬೇಡಿ.

ಕ್ರಾಸ್‌ಸ್ಲೈಡ್‌ನ (ಉಪಕರಣವನ್ನು ಬೆಡ್ಡಿಗೆ ಅಡ್ಡವಾಗಿ ಸರಿಸುವ ಭಾಗದ) ಡಯಲ್ ಕೂಡ ಹೀಗೆಯೇ. ಗೆರೆಯೊಂದಕ್ಕೆ ಇಂಚಿನ ಸಾವಿರದ ಒಂದು ಭಾಗವೋ, ಮಿಲಿಮೀಟರ್‌ನ ನೂರರ ಇಷ್ಟು ಭಾಗವೋ ಎಂದು ನೋಡಿ. ಲೀಡ್ ಸ್ಕ್ರೂ ಇಂಚಿನದು, ಡಯಲ್ ಮಾತ್ರ ಮೆಟ್ರಿಕ್ ಎಂದಾದರೆ ಯಾವುದೋ ಕಾಲದಲ್ಲಿ ಕ್ರಾಸ್‌ಸ್ಲೈಡ್‌ನ ಸ್ಕ್ರೂ ಮತ್ತು ನಟ್ ಬದಲಾಗಿರುವ ಸಾಧ್ಯತೆ ಇದೆ.

ಅಡಿಯಲ್ಲಿರುವ ಕೈಬರಹ

ನಿಮಗೆ ಸಮಯ ಕಡಿಮೆ ಇದ್ದರೆ ಬೇರೆ ಎಲ್ಲವನ್ನೂ ಬಿಟ್ಟು ಇದೊಂದನ್ನು ಮಾಡಿ. ಟೇಲ್‌ಸ್ಟಾಕ್‌ನ ಕ್ಲ್ಯಾಂಪ್ ಸಡಿಲಿಸಿ, ಇಬ್ಬರು ಸೇರಿ ಬೆಡ್ಡಿನ ತುದಿಗೆ ಎಳೆದು ಇಳಿಸಿ, ಮರದ ಹಲಗೆಯ ಮೇಲೆ ತಳ ಮೇಲಾಗಿ ಮಲಗಿಸಿ. ಭಾರ ಹೆಚ್ಚು, ಬೆರಳು ಜೋಪಾನ. ಸೀಮೆಎಣ್ಣೆಯಿಂದ ತಳವನ್ನು ತೊಳೆದು, ಶೆಡ್ಡಿನ ದೀಪ ಆರಿಸಿ, ಟಾರ್ಚನ್ನು ಒರಗಿಸಿ ಹಿಡಿಯಿರಿ. ಸವೆಯದ ಮೂಲೆಗಳಲ್ಲಿ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹತ್ತಿದ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಅವು ಸ್ಕ್ರೇಪಿಂಗ್ ಗುರುತುಗಳು. ಒಬ್ಬ ಮನುಷ್ಯ ಕೈಯಲ್ಲಿ ಸ್ಕ್ರೇಪರ್ ಹಿಡಿದು ಒಂದೊಂದಾಗಿ ಎಬ್ಬಿಸಿದವು.

ಪ್ಲೇನರ್ ಯಂತ್ರದಲ್ಲಿ ಎಷ್ಟು ನುಣುಪಾಗಿ ಹೊಡೆದರೂ ಎರಕದ ಮೇಲ್ಮೈ ನಿಜವಾಗಿ ಸಮತಟ್ಟಾಗುವುದಿಲ್ಲ. ಸರ್ಫೇಸ್ ಪ್ಲೇಟಿಗೆ (ಸಮತಟ್ಟು ಪರೀಕ್ಷಿಸುವ ಮಾದರಿ ಹಾಸಿಗೆ) ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳುವಾಗಿ ಹಚ್ಚಿ ಅದರ ಮೇಲೆ ಭಾಗವನ್ನು ಉಜ್ಜಿದರೆ ಎತ್ತರದ ಚುಕ್ಕೆಗಳಿಗೆ ನೀಲಿ ಹತ್ತುತ್ತದೆ. ಆ ನೀಲಿ ಚುಕ್ಕೆಗಳನ್ನಷ್ಟೇ ಕೆರೆಯಬೇಕು. ಒಂದು ಎಳೆತಕ್ಕೆ ಹೋಗುವುದು ಮಿಲಿಮೀಟರ್‌ನ ಸಾವಿರದ ಕೆಲವೇ ಭಾಗ. ಮತ್ತೆ ಬ್ಲೂ, ಮತ್ತೆ ಉಜ್ಜು, ಮತ್ತೆ ಕೆರೆ. ಚುಕ್ಕೆಗಳು ಮೇಲ್ಮೈ ತುಂಬ ಒತ್ತೊತ್ತಾಗಿ ಹರಡುವವರೆಗೂ ಇದೇ ಕೆಲಸ.

ಹಾಗಾದರೆ ಮೊದಲ ಸರ್ಫೇಸ್ ಪ್ಲೇಟನ್ನು ಯಾವುದರ ಮೇಲೆ ಉಜ್ಜಿ ಮಾಡಿದರು? ಈ ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ನಾನು ಬೆನ್ನು ತಟ್ಟಿ ಮುಂದಿನ ಸಾಲಿಗೆ ಕರೆಯುತ್ತೇನೆ. ಉತ್ತರ ಮೂರು ಪ್ಲೇಟ್‌ಗಳಲ್ಲಿದೆ. ಎರಡನ್ನೇ ಒಂದಕ್ಕೊಂದು ಉಜ್ಜಿದರೆ ಒಂದು ಉಬ್ಬಾಗಿ ಇನ್ನೊಂದು ತಗ್ಗಾಗಿಯೂ ಚೆನ್ನಾಗಿ ಹೊಂದಿಕೊಂಡುಬಿಡಬಹುದು. ಮೂರನ್ನು ತೆಗೆದುಕೊಂಡು ಒಂದಕ್ಕೆ ಎರಡು, ಎರಡಕ್ಕೆ ಮೂರು, ಮೂರಕ್ಕೆ ಒಂದು ಎಂದು ಜೋಡಿ ಬದಲಿಸುತ್ತ ಕೆರೆದರೆ ಉಬ್ಬು ಅಡಗಿಕೊಳ್ಳಲು ಜಾಗ ಇರುವುದಿಲ್ಲ. ಮೂರೂ ಪರಸ್ಪರ ಹೊಂದುವುದು ಮೂರೂ ಸಮತಟ್ಟಾದಾಗ ಮಾತ್ರ. ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೇ 1800ರ ಸುಮಾರಿಗೆ ಕರಾರುವಾಕ್ಕಾದ ಸ್ಕ್ರೂ ಕತ್ತರಿಸುವ ಲೇತ್ ಮಾಡಿದರು. ಅವರ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ಸಭೆಯೊಂದರಲ್ಲಿ, ಸಮತಟ್ಟು ಮಾಡಲು ಪುಡಿ ಹಾಕಿ ಉಜ್ಜುವುದನ್ನು ಬಿಟ್ಟು ಕೆರೆಯುವುದೇ ಸರಿ ಎಂದು ವಾದಿಸಿದರು. ಆ ಕೈಕೆಲಸವೇ ಊರೂರು ದಾಟಿ ತುಂಗಭದ್ರೆಯ ದಡಕ್ಕೂ ಬಂತು. ಹರಿಹರದ ಹುಡುಗರ ಕೈಯಲ್ಲಿ ಅದು ಕೂತಿತು.

ಎಲ್ಲ ಗೀರುಗಳೂ ಕಾರ್ಖಾನೆಯವಲ್ಲ. ಬೆಡ್ಡಿನ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲಿ, ಒಂದೇ ಅಳತೆಯ ಅರ್ಧಚಂದ್ರಗಳು ಸಾಲಾಗಿ ಇದ್ದರೆ ಅದು ಎಣ್ಣೆ ನಿಲ್ಲಲೆಂದೂ ಚೆಂದಕ್ಕೆಂದೂ ಹಾಕಿದ ಫ್ಲೇಕಿಂಗ್. ಮಾರಾಟಕ್ಕೆ ಸಿಂಗರಿಸಿದ ಯಂತ್ರಗಳಲ್ಲಿಯೂ ಇದನ್ನು ಮಾಡುತ್ತಾರೆ. ಕ್ರಾಸ್‌ಸ್ಲೈಡ್‌ನ ಡವ್‌ಟೇಲ್‌ನ (ಜಾರುವ ಭಾಗವನ್ನು ಹಿಡಿದಿಡುವ ಓರೆ ಅಂಚಿನ) ಹಿಂಬದಿ, ಟೇಲ್‌ಸ್ಟಾಕ್ ತಳದ ಮೂಲೆ ಇಂಥ ಸವೆಯದ, ಯಾರೂ ನೋಡದ ಜಾಗಗಳನ್ನು ನಂಬಿ. ಕಾಗದದಲ್ಲಿ ಒಂದು ಇಂಚು ಚೌಕದ ಕಿಂಡಿ ಕತ್ತರಿಸಿಕೊಂಡು, ಬ್ಲೂ ಉಜ್ಜಿದ ಮೇಲೆ ಆ ಕಿಂಡಿಯೊಳಗೆ ಬೀಳುವ ಚುಕ್ಕೆಗಳನ್ನು ಮೂರು ನಾಲ್ಕು ಕಡೆ ಎಣಿಸಿ ಬರೆಯಿರಿ. ಗೀರುಗಳು ಎಡದಿಂದ ಬಲಕ್ಕೆ ವಾಲಿವೆಯೋ, ಬಲದಿಂದ ಎಡಕ್ಕೋ ಎಂಬುದನ್ನೂ ಬರೆಯಿರಿ.

ಹಾಗೇ ಸವೆತವನ್ನೂ ಗಮನಿಸಿ. ಚಕ್ಕಿನ (ತುಂಡನ್ನು ಕಚ್ಚಿ ಹಿಡಿದು ತಿರುಗುವ ಭಾಗದ) ಮುಂದಿನ ಒಂದಡಿ ಬೆಡ್ ಮಾತ್ರ ಸವೆದಿದ್ದರೆ ಆ ಯಂತ್ರ ಸಣ್ಣ ಬುಷ್, ಪಿನ್ನು ಹೊಡೆದೇ ಬದುಕಿದೆ. ಗ್ಯಾಪ್ ತುಂಡನ್ನು (ದೊಡ್ಡ ಕೆಲಸಕ್ಕೆ ಜಾಗವಾಗಲೆಂದು ಬೆಡ್ಡಿನಿಂದ ಕಳಚಬಹುದಾದ ತುಂಡನ್ನು) ತೆಗೆದು ಕಳೆದುಹಾಕಿದ್ದರೆ ದೊಡ್ಡ ಪುಲ್ಲಿ, ಫ್ಲೈವೀಲ್‌ಗಳು ಬರುತ್ತಿದ್ದವು. ಐಟಿಐ ಲೇತ್ ಆದರೆ ಕಾಂಪೌಂಡ್ ಸ್ಲೈಡ್‌ನ (ಉಪಕರಣ ಹಿಡಿಯುವ ಮೇಲಿನ ಭಾಗದ) ಮೂತಿಯಲ್ಲಿ ತಿರುಗುವ ಚಕ್ಕಿನ ಜಾ (ಹಿಡಿಯುವ ದವಡೆ) ತಾಗಿದ ಕಚ್ಚುಗಳು ಇದ್ದೇ ಇರುತ್ತವೆ, ಬೆಡ್ಡಿನ ಮೇಲೆ ಚಕ್ ಜಾರಿ ಬಿದ್ದ ಗುಂಡಿಯೂ ಇರುತ್ತದೆ. ಹೊಸ ಹುಡುಗರ ಮೊದಲ ವಾರದ ಗುರುತುಗಳು ಅವು. ಪುಟ್ಟಿ ತುಂಬಿ ಮುಚ್ಚಬೇಡಿ, ಅಳತೆ ತೆಗೆದು ಬರೆದುಕೊಳ್ಳಿ.

ಕೈಗಳನ್ನು ಹುಡುಕಿಕೊಂಡು ಹೋಗಿ

ಹರಿಹರದ ಕಾರ್ಖಾನೆಯಲ್ಲಿ ದುಡಿದವರು ಈಗ ಅಜ್ಜಂದಿರು. ಅವರ ಬಳಿ ಹೋಗುವಾಗ ಬರೀ ಪ್ರಶ್ನೆ ಹಿಡಿದುಕೊಂಡು ಹೋಗಬೇಡಿ. ‘ಕಂಪನಿ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತಪ್ಪಾ’ ಎಂಬ ಒಂದೇ ಉತ್ತರ ಬರುತ್ತದೆ. ಒಂದು ಭಾಗವನ್ನು ಜೊತೆಗೆ ಒಯ್ಯಿರಿ. ನಾನು ಒಯ್ದದ್ದು ಒಂದು ಹಳೆಯ ಕ್ರಾಸ್‌ಸ್ಲೈಡ್.

“ಯಜಮಾನರೇ, ಇದನ್ನು ಸ್ವಲ್ಪ ನೋಡಿ ಹೇಳಬೇಕು.”

ಅಜ್ಜ ಕನ್ನಡಕ ತರಿಸಲಿಲ್ಲ. ಹೆಬ್ಬೆರಳಿನ ಉಗುರನ್ನು ಡವ್‌ಟೇಲ್‌ನ ಮೇಲೆ ಅಡ್ಡಡ್ಡ ಎಳೆದರು.

“ಇದು ನಮ್ಮ ಕಡೆಯದೇ. ಈಗಿನವರು ಮಾಡಿದ್ದಲ್ಲ. ಸ್ಕ್ರೇಪರ್ ತಂದಿದ್ದೀಯಾ?”

ತಂದಿದ್ದೆ. ಕ್ರಾಸ್‌ಸ್ಲೈಡನ್ನು ಜಗಲಿಯ ಕಟ್ಟೆಯ ಮೇಲೆ ಇಡಿಸಿ, ಎದ್ದು ನಿಂತು, ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೆ ಒತ್ತಿಕೊಂಡರು. “ಎಡಗೈ ಒತ್ತಬೇಕು, ಬಲಗೈ ದಾರಿ ತೋರಿಸಬೇಕು, ಸೊಂಟ ತಳ್ಳಬೇಕು. ಬರೀ ತೋಳಿನಿಂದ ಕೆರೆದವನು ಮಧ್ಯಾಹ್ನಕ್ಕೆ ಕೂತುಬಿಡುತ್ತಾನೆ.” ಒಂದು ಗೀರು ಎಳೆದು ತೋರಿಸಿದರು. ಹಳೆಯ ಗೀರುಗಳ ಪಕ್ಕದಲ್ಲಿ ಅದೇ ಅಗಲ, ಅದೇ ಓಟ. ಅಲ್ಲಿಂದ ಮುಂದೆ ನಾನು ಕೇಳಬೇಕಾದ್ದೇ ಇರಲಿಲ್ಲ. ಶಿಫ್ಟಿನ ಸೈರನ್, ಬ್ಲೂ ಹತ್ತಿದ ಕೈಯಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದದ್ದು, ಇನ್‌ಸ್ಪೆಕ್ಷನ್‌ನವರು ತಿರಸ್ಕರಿಸಿದ ಬೆಡ್ಡನ್ನು ಮತ್ತೆ ಮೊದಲಿನಿಂದ ಕೆರೆದದ್ದು, ಒಂದೊಂದಾಗಿ ಬಂದವು.

ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಸೇರಿದ ದಿನ ಮೊದಲು ಕೊಟ್ಟ ಕೆಲಸ ಯಾವುದು? ಯಾರ ಕೈಕೆಳಗೆ? ಟೋಕನ್ ನಂಬರು ಏನು? ಒಂದು ಲೇತ್ ಎರಕದ ಮನೆಯಿಂದ ಪ್ಯಾಕಿಂಗ್‌ವರೆಗೆ ಯಾವ ಯಾವ ವಿಭಾಗ ದಾಟುತ್ತಿತ್ತು? ಎರಕ ಹೊಯ್ದ ಬೆಡ್ಡನ್ನು ಕೂಡಲೇ ಮೆಷಿನಿಂಗ್‌ಗೆ ಒಯ್ಯುತ್ತಿದ್ದರೇ, ಬಯಲಿನಲ್ಲಿ ಬಿಸಿಲು ಮಳೆಗೆ ಬಿಟ್ಟು ಹದ ಬರಿಸುತ್ತಿದ್ದರೇ? ಮನೆಯ ಹೆಂಗಸರನ್ನೂ ಮಾತಿಗೆ ಕರೆಯಿರಿ. ಕಾಲನಿಯ ಬದುಕು, ಮಕ್ಕಳ ಶಾಲೆ, ಸಂಬಳದ ದಿನದ ಸಂತೆ ಅವರಿಗೆ ನೆನಪಿರುವಷ್ಟು ಗಂಡಸರಿಗೆ ಇರುವುದಿಲ್ಲ. ಮುಚ್ಚಿದ ದಿನದ ವಿಷಯವನ್ನು ಮಾತ್ರ ನೀವಾಗಿ ಎತ್ತಬೇಡಿ. ಅವರೇ ಹೇಳಿದರೆ ಕೇಳಿ, ಮೊಬೈಲ್ ರೆಕಾರ್ಡರ್ ನಿಲ್ಲಿಸು ಎಂದರೆ ನಿಲ್ಲಿಸಿ. ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಕೇಳುವುದು, ಹೆಸರು ಬಳಸಬಹುದೇ ಎಂದು ಕೇಳುವುದು ಮರೆಯಬೇಡಿ.

ಕಾಗದಗಳು

ಸರ್ಕಾರಿ ಸಂಸ್ಥೆಯಾದರೆ ಮೊದಲು ಡೆಡ್ ಸ್ಟಾಕ್ ರಿಜಿಸ್ಟರ್ ತೆಗೆಸಿ. ಯಂತ್ರ ಬಂದ ದಿನಾಂಕ, ಬೆಲೆ, ಸರಬರಾಜುದಾರರ ಹೆಸರು ಒಂದೇ ಸಾಲಿನಲ್ಲಿ ಸಿಗುತ್ತವೆ. ದೇಶದಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಐಟಿಐಯ ಲೇತ್ ಅದಕ್ಕೂ ಹಳೆಯದು ಎಂದು ಕಂಡರೆ ಬೇರೆ ಎಲ್ಲಿಂದಲೋ ವರ್ಗವಾಗಿ ಬಂದಿದೆ, ಆ ಜಾಡು ಹಿಡಿಯಿರಿ. ಕಂಡಮ್ ಕಡತದ ಜೊತೆಗೇ ಹಳೆಯ ರಿಜಿಸ್ಟರ್‌ಗಳೂ ರದ್ದಿಗೆ ಹೋಗುವುದುಂಟು. ಯಂತ್ರಕ್ಕಿಂತ ಮೊದಲು ಅದನ್ನು ಚಿತ್ರ ತೆಗೆದುಕೊಳ್ಳಿ.

ಆಮೇಲೆ ಹಳೆಯ ಕೈಪಿಡಿ, ಬಿಡಿಭಾಗಗಳ ಪಟ್ಟಿ, ಕ್ಯಾಟಲಾಗ್. ಸಂಸ್ಥಾನ ಕಾಲದ ಕೈಗಾರಿಕಾ ಇಲಾಖೆಯ ಕಡತಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಬಹುದು. ಮರಾಠಿ ಓದಬಲ್ಲ ಗೆಳೆಯರಿದ್ದರೆ ಕಿರ್ಲೋಸ್ಕರವಾಡಿಯಿಂದ 1920ರಲ್ಲಿ ಶುರುವಾದ ಮನೆತನದ ಮಾಸಿಕದ ಹಳೆಯ ಸಂಚಿಕೆಗಳನ್ನು ಗ್ರಂಥಾಲಯಗಳಲ್ಲಿ ಹುಡುಕಿಸಿ. ಲೇಖನಗಳಿಗಿಂತ ಜಾಹೀರಾತುಗಳನ್ನು ನೋಡಿ. ಸಂಚಿಕೆಗೆ ತಿಂಗಳು, ವರ್ಷ ಇರುತ್ತದೆ. ಯಾವ ಯಂತ್ರ ಯಾವಾಗ ಮಾರಾಟಕ್ಕಿತ್ತು ಎಂಬುದಕ್ಕೆ ಅದಕ್ಕಿಂತ ನೇರ ಸಾಕ್ಷಿ ಬೇಡ. ಬೆಂಗಳೂರಿಗೆ ಹೋದರೆ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್ ನೋಡಿ ಬನ್ನಿ, ಒಂದು ಯಂತ್ರೋಪಕರಣ ಕಂಪನಿ ತನ್ನ ನೆನಪನ್ನು ಹೇಗೆ ಜೋಡಿಸಿಡಬಹುದು ಎಂಬುದು ಕಣ್ಣಾರೆ ತಿಳಿಯುತ್ತದೆ.

ಬರೆಯುವಾಗ

ಕಂಡದ್ದು, ಕೇಳಿದ್ದು, ಊಹಿಸಿದ್ದು ಇವನ್ನು ಕಲಸಬೇಡಿ. ‘ಬೆಡ್ಡಿನ ನಂಬರು ಇದು’ ಎಂಬುದು ಕಂಡದ್ದು. ‘ದಾವಣಗೆರೆಯ ಒಂದು ಗಿರಣಿಯಿಂದ ಬಂದಿತಂತೆ’ ಎಂಬುದು ಕೇಳಿದ್ದು, ಹೇಳಿದವರು ಯಾರು ಎಂದು ಪಕ್ಕದಲ್ಲಿ ಬರೆಯಿರಿ. ಫಲಕದ ವಿಳಾಸದಿಂದ ಕಾಲ ಕಟ್ಟಿದ್ದು ಊಹೆ, ಹಾಗೆಂದೇ ಬರೆಯಿರಿ.

‘ಭಾರತದ ಮೊಟ್ಟಮೊದಲ ಲೇತ್’ ಎಂಬ ಮಾತನ್ನು ನಿಮ್ಮ ಪುಟದಲ್ಲಿ ಬರಗೊಡಬೇಡಿ. ಪಂಜಾಬಿನ ಬಟಾಲಾದಂಥ ಊರುಗಳ ಎರಕದ ಅಂಗಡಿಗಳೂ ಸಾದಾ ಲೇತ್‌ಗಳನ್ನು ಮಾಡಿದವೇ. ಹರಿಹರ ಮಾಡಿದ್ದು ಬೇರೆ: ಒಂದೇ ಅಳತೆಯ, ಬಿಡಿಭಾಗ ಸಿಗುವ, ದೇಶದ ಯಾವ ಮೂಲೆಯ ಟರ್ನರ್‌ಗೂ ಪರಿಚಯವಾದ ಲೇತ್‌ಗಳನ್ನು ವರ್ಷಾನುವರ್ಷ ಕಳಿಸಿಕೊಟ್ಟದ್ದು. ಅದನ್ನು ಮೊದಲಿನವರೆಂಬ ಪಟ್ಟದ ಹಂಗಿಲ್ಲದೆ ಹೇಳಬಹುದು, ಹೇಳಬೇಕು.

ಎರಡು ಪುಟ ಸಾಕು. ಮೊದಲ ಪುಟದಲ್ಲಿ ಮಾದರಿ, ನಂಬರು, ಅಳತೆಗಳು, ಎಳೆ, ಗೇರ್‌ಗಳ ಪಟ್ಟಿ, ಬದಲಾದ ಭಾಗಗಳು. ಎರಡನೆಯದರಲ್ಲಿ ಯಂತ್ರ ಎಲ್ಲಿಂದ ಎಲ್ಲಿಗೆ ಬಂತು, ಯಾವ ಕೆಲಸ ಮಾಡಿತು, ಯಾರು ಏನು ಹೇಳಿದರು. ಒಂದು ಪ್ರತಿಯನ್ನು ನಿಮ್ಮ ಸಂಸ್ಥೆಯ ಗ್ರಂಥಾಲಯಕ್ಕೆ ಕೊಟ್ಟು ಪರಿಗ್ರಹಣ ಸಂಖ್ಯೆ ಹಾಕಿಸಿ, ನಂಬರು ಬಿದ್ದ ಕಾಗದವನ್ನು ಬಿಸಾಡಲು ಗುಮಾಸ್ತರು ಹಿಂಜರಿಯುತ್ತಾರೆ. ಒಂದನ್ನು ಹರಿಹರದಲ್ಲಿ ನಿಮಗೆ ಕೈಕೆಲಸ ತೋರಿಸಿದವರ ಮನೆಗೆ ಕೊಟ್ಟು ಬನ್ನಿ. ಇನ್ನೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಚೇಂಜ್ ಗೇರ್ ಬಾಗಿಲಿನ ಒಳಮೈಗೆ, ಎಣ್ಣೆ ಸಿಡಿಯದ ಮೇಲಿನ ಮೂಲೆಯಲ್ಲಿ ಗಟ್ಟಿ ಟೇಪಿನಿಂದ ಅಂಟಿಸಿ. ಹರಾಜಿನಲ್ಲಿ ಕೊಂಡವರೆಲ್ಲರೂ ಗುಜರಿಯವರಲ್ಲ. ಸಣ್ಣ ವರ್ಕ್‌ಶಾಪ್ ಇಡುವವರೂ ಬರುತ್ತಾರೆ, ಗೇರ್ ಬದಲಿಸಲು ಅವರು ಆ ಬಾಗಿಲನ್ನು ತೆರೆಯಲೇಬೇಕು.